ಅಮೆರಿಕದ ಕನ್ಸರ್ವೇಟಿವ್ ಮಾತುಗಾರರು ತಮ್ಮತಮ್ಮಲ್ಲೇ ಯಾಕೆ ಜಗಳ ಆಡ್ತಾರೆ?

ಪ್ರಶ್ನೆ: ನಾನು ಹಾಸನದ ಕಡೆಯವನು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾದೆ. ಮಗಳು, ಅಳಿಯ ಡಲ್ಲಾಸ್‌ನಲ್ಲಿದ್ದಾರೆ. ಅಳಿಯ ಎಚ್‌1ಬಿ ವೀಸಾ ಮೇಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಕಾರಿನಲ್ಲಿ ರೇಡಿಯೋ, ಮನೆಯಲ್ಲಿ ಫಾಕ್ಸ್ ನ್ಯೂಸ್ ಕೇಳಿ ರೂಢಿಯಾಯಿತು. ಊರಿಗೆ ಬಂದ ಮೇಲೂ ಯೂಟ್ಯೂಬಿನಲ್ಲಿ ನೋಡುತ್ತೇನೆ. ಎಲ್ಲರೂ ‘ನಾವು ಕನ್ಸರ್ವೇಟಿವ್’ ಅಂತಾರೆ. ಆದರೆ ಒಬ್ಬರು ಭಾರತದ ಎಂಜಿನಿಯರುಗಳು ಬರಲಿ ಅಂತಾರೆ, ಇನ್ನೊಬ್ಬರು ವಾಪಸ್ ಕಳಿಸಿ ಅಂತಾರೆ. ಇರಾನ್ ಮೇಲೆ ಬಾಂಬ್ ಹಾಕಿದ್ದಕ್ಕೆ ಒಬ್ಬರು ಚಪ್ಪಾಳೆ ತಟ್ಟಿದರೆ ಇನ್ನೊಬ್ಬರು ಬೈತಾರೆ. ಇವರಲ್ಲಿ ನಿಜವಾದ ಕನ್ಸರ್ವೇಟಿವ್ ಯಾರು? ಯಾರ ಮಾತನ್ನು ನಂಬಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ಗೊಂದಲ ನಿಮ್ಮ ತಪ್ಪಲ್ಲ. ಅರ್ಧ ತಪ್ಪು ನಮ್ಮಂಥ ಪತ್ರಿಕೆಯವರದು. ಕನ್ಸರ್ವೇಟಿವ್ ಅನ್ನೋದನ್ನು ನಾವು ‘ಸಂಪ್ರದಾಯವಾದಿ’ ಅಂತ ಬರೆಯುತ್ತೇವೆ. ವಿದೇಶ ಸುದ್ದಿಯ ಡೆಸ್ಕಿನಲ್ಲಿ ಕೂತು ನಾನೇ ನೂರಾರು ಸಲ ಹಾಗೆ ಬರೆದಿದ್ದೇನೆ. ಆ ಪದ ಕಂಡ ಕೂಡಲೇ ನಮಗೆ ಮಡಿ, ಮಠ, ಪಂಚಾಂಗ ನೆನಪಾಗುತ್ತವೆ. ಅಮೆರಿಕದಲ್ಲಿ ಆ ಒಂದೇ ಪದದೊಳಗೆ ‘ತೆರಿಗೆ ಇಳಿಸಿ, ಸರ್ಕಾರ ದೂರ ಇರಲಿ’ ಅನ್ನುವ ವ್ಯಾಪಾರಿ ಇದ್ದಾನೆ. ‘ಗರ್ಭಪಾತ ಪಾಪ’ ಅನ್ನುವ ಪಾದ್ರಿ ಇದ್ದಾನೆ. ‘ನಮ್ಮ ಕೆಲಸ ನಮಗಿರಲಿ, ಹೊರಗಿನವರು ಬೇಡ’ ಅನ್ನುವ ಕಾರ್ಖಾನೆ ಊರಿನ ಮನುಷ್ಯನೂ ಇದ್ದಾನೆ. ಮೂವರೂ ಓಟು ಹಾಕುವುದು ರಿಪಬ್ಲಿಕನ್ ಪಕ್ಷಕ್ಕೆ. ಆದರೆ ಒಬ್ಬರಿಗೊಬ್ಬರು ಅಷ್ಟಕ್ಕಷ್ಟೆ. ಹಾಗಾಗಿ ಇಲ್ಲಿ ನಾನು ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳುತ್ತೇನೆ. (ಬಣ್ಣದ್ದೂ ಇದೇ ಫಜೀತಿ. ನಮಗೆ ಕೆಂಪು ಅಂದರೆ ಕಮ್ಯುನಿಸ್ಟರು. ಅಲ್ಲಿ 2000ದ ಚುನಾವಣೆಯ ಟೀವಿ ನಕ್ಷೆಗಳಿಂದೀಚೆಗೆ ಕೆಂಪು ಅಂದರೆ ರಿಪಬ್ಲಿಕನ್ನರು.)

ಈ ಮೂವರನ್ನೂ ಒಂದೇ ಜಗಲಿಗೆ ಕರೆದು ಕೂರಿಸಿದವರು ವಿಲಿಯಂ ಎಫ್. ಬಕ್ಲಿ ಎಂಬ ಪತ್ರಕರ್ತ. 1955ರ ನವೆಂಬರಿನಲ್ಲಿ ‘ನ್ಯಾಷನಲ್ ರಿವ್ಯೂ’ ಪತ್ರಿಕೆ ಶುರು ಮಾಡಿದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಇತಿಹಾಸಕ್ಕೆ ಅಡ್ಡ ನಿಂತು ‘ನಿಲ್ಲು’ ಅಂತ ಕೂಗುವುದು ನಮ್ಮ ಕೆಲಸ ಎಂದು ಮೊದಲ ಸಂಚಿಕೆಯಲ್ಲೇ ಹೇಳಿಕೊಂಡರು. ಅವರ ಜೊತೆಗಿದ್ದ ಫ್ರಾಂಕ್ ಮೇಯರ್ ಹಿಂದೆ ಕಮ್ಯುನಿಸ್ಟ್ ಆಗಿದ್ದವರು. ಮಾರುಕಟ್ಟೆಯ ಸ್ವಾತಂತ್ರ್ಯಕ್ಕೂ ಚರ್ಚಿನ ನೀತಿಗೂ ಗಂಟು ಹಾಕಬಹುದು ಎಂದು ವಾದ ಕಟ್ಟಿಕೊಟ್ಟವರು ಅವರು. ವಾದ ಪುಸ್ತಕದಲ್ಲಿ ಚೆನ್ನಾಗಿತ್ತು. ನಿಜವಾಗಿ ಅಂಟು ಹಿಡಿದದ್ದು ಮಾತ್ರ ಸೋವಿಯತ್ ರಷ್ಯದ ಭಯ. ವ್ಯಾಪಾರಿಗೆ ಕಮ್ಯುನಿಸಂ ಆಗದು, ಪಾದ್ರಿಗೆ ದೇವರಿಲ್ಲ ಅನ್ನುವವರು ಆಗದು, ಮೂರನೆಯವನಿಗೆ ವಿದೇಶಿ ಶತ್ರು ಆಗದು. ಮೂವರಿಗೂ ಒಬ್ಬನೇ ವೈರಿ.

ಬಕ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಯಾರು ಒಳಗೆ, ಯಾರು ಹೊರಗೆ ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ರಾಬರ್ಟ್ ವೆಲ್ಚ್ ಎಂಬ ಮಿಠಾಯಿ ತಯಾರಕ 1958ರಲ್ಲಿ ಜಾನ್ ಬರ್ಚ್ ಸೊಸೈಟಿ ಎಂಬ ಕಮ್ಯುನಿಸ್ಟ್ ವಿರೋಧಿ ಸಂಘ ಕಟ್ಟಿದ್ದರು. ಎರಡನೇ ಮಹಾಯುದ್ಧ ಗೆದ್ದುಕೊಟ್ಟ ಜನರಲ್, ಅಧ್ಯಕ್ಷ ಐಸೆನ್‌ಹೋವರ್ ಕೂಡ ಕಮ್ಯುನಿಸ್ಟರ ಏಜೆಂಟ್ ಅನ್ನುವವರೆಗೆ ಹೋಗಿತ್ತು ಅವರ ಅನುಮಾನ. 1962ರಲ್ಲಿ ಬಕ್ಲಿ ತಮ್ಮ ಪತ್ರಿಕೆಯಲ್ಲೇ ವೆಲ್ಚ್ ವಿರುದ್ಧ ಬರೆದರು. ಚಂದಾದಾರರು ಸಿಟ್ಟಾದರು, ಬಕ್ಲಿ ಬಗ್ಗಲಿಲ್ಲ. ಆದರೆ ಇದೇ ಬಕ್ಲಿ 1957ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕೈಯೇ ಮೇಲಾಗಿರಬೇಕು ಎಂದು ಸಂಪಾದಕೀಯ ಬರೆದವರೂ ಹೌದು. ಅದು ತಪ್ಪು ಎಂದು ಒಪ್ಪಿಕೊಂಡದ್ದು ತುಂಬಾ ತಡವಾಗಿ, ಮುದಿ ವಯಸ್ಸಿನಲ್ಲಿ. ಬಾಗಿಲು ಕಾಯುವವರನ್ನೂ ಯಾರಾದರೂ ಕಾಯಬೇಕಿತ್ತು ಅಂತ ನನಗೆ ಅನ್ನಿಸುವುದು ಇಲ್ಲಿ.

1991ರಲ್ಲಿ ಸೋವಿಯತ್ ಒಕ್ಕೂಟ ಬಿತ್ತು. ಅಂಟು ಒಣಗಿತು. ಮರು ವರ್ಷವೇ ಪ್ಯಾಟ್ ಬ್ಯುಕ್ಯಾನನ್ ಅನ್ನುವವರು ತಮ್ಮದೇ ಪಕ್ಷದ ಅಧ್ಯಕ್ಷ ಹಿರಿಯ ಬುಷ್ ವಿರುದ್ಧ ಸ್ಪರ್ಧೆಗಿಳಿದರು. ಇವರು ನಿಕ್ಸನ್ ಮತ್ತು ರೇಗನ್ ಅವರ ಶ್ವೇತಭವನದಲ್ಲಿ ಕೆಲಸ ಮಾಡಿದವರು, ಟೀವಿಯಲ್ಲಿ ವಾದ ಮಾಡಿ ಹೆಸರಾದವರು. ಅವರು ಹೇಳಿದ್ದೇನು ನೋಡಿ: ವಲಸೆ ತಡೆಯಿರಿ, ಅಗ್ಗದ ಆಮದು ತಡೆಯಿರಿ, ಬೇರೆಯವರ ಯುದ್ಧಕ್ಕೆ ನಮ್ಮ ಹುಡುಗರನ್ನು ಕಳಿಸಬೇಡಿ. ಘೋಷಣೆ ‘ಅಮೆರಿಕ ಮೊದಲು’. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬ್ಯುಕ್ಯಾನನ್ ಸೋತರು. ಮಾತು ಸೋಲಲಿಲ್ಲ. 24 ವರ್ಷ ಕಾದು 2016ರಲ್ಲಿ ಟ್ರಂಪ್ ಬಾಯಲ್ಲಿ ಗೆದ್ದಿತು.

ಆ ವರ್ಷದ ಜನವರಿಯಲ್ಲಿ ನ್ಯಾಷನಲ್ ರಿವ್ಯೂ ಹಳೆಯ ಅಭ್ಯಾಸದಂತೆ ಬಾಗಿಲಿಗೆ ಬಂದು ನಿಂತಿತು. ‘ಟ್ರಂಪ್ ವಿರುದ್ಧ’ ಎಂದು ಮುಖಪುಟದಲ್ಲೇ ಹಾಕಿ, ಇಪ್ಪತ್ತಕ್ಕೂ ಹೆಚ್ಚು ಕನ್ಸರ್ವೇಟಿವ್ ಬರಹಗಾರರ ಲೇಖನ ಸೇರಿಸಿ ಸಂಚಿಕೆ ತಂದಿತು. ಏನೂ ಆಗಲಿಲ್ಲ. ಬಾಗಿಲು ಅಲ್ಲೇ ಇತ್ತು, ಜನ ಮಾತ್ರ ಹಿತ್ತಲ ಕಡೆಯಿಂದ ಒಳಗೆ ಹೋಗಿ ಬಹಳ ಕಾಲವಾಗಿತ್ತು. ಆ ಹಿತ್ತಲ ದಾರಿಯೇ ರೇಡಿಯೋ.

ರೇಡಿಯೋ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಅಳಿಯಂದಿರ ಕಾರಿನಲ್ಲಿ ಕೇಳಿದ್ದು ಬಹುಶಃ ಡಲ್ಲಾಸ್‌ನ 820 ಎಎಮ್ (ನಮ್ಮ ಮೀಡಿಯಂ ವೇವ್ ಥರದ್ದು). ಅದರಲ್ಲಿ ಈ ಮಾತಿನ ಕಾರ್ಯಕ್ರಮಗಳೇ ಜಾಸ್ತಿ.

1949ರಿಂದ ಅಮೆರಿಕದಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಎಂಬ ನಿಯಮವಿತ್ತು. ಲೈಸೆನ್ಸ್ ಪಡೆದು ರೇಡಿಯೋ, ಟೀವಿ ನಡೆಸುವವರು ವಿವಾದದ ವಿಷಯ ಎತ್ತಿದರೆ ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕು. 1964ರಲ್ಲಿ ಪೆನ್ಸಿಲ್ವೇನಿಯದ ರೆಡ್ ಲಯನ್ ಎಂಬ ಸಣ್ಣ ಊರಿನ ಸ್ಟೇಷನ್ನಿನಲ್ಲಿ ಬಿಲ್ಲಿ ಜೇಮ್ಸ್ ಹಾರ್ಗಿಸ್ ಎಂಬ ಪಾದ್ರಿ ಫ್ರೆಡ್ ಕುಕ್ ಎಂಬ ಪತ್ರಕರ್ತರನ್ನು ಝಾಡಿಸಿದರು. ಕುಕ್ ಅವರು ‘ಉತ್ತರ ಹೇಳೋಕೆ ನನಗೂ ಸಮಯ ಕೊಡಿ’ ಅಂದರು. ಸ್ಟೇಷನ್ನಿನವರು ದುಡ್ಡು ಕೊಟ್ಟರೆ ಕೊಡುತ್ತೇವೆ ಅಂದರು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1969ರಲ್ಲಿ ನಿಯಮವೇ ಸರಿ ಎಂದು ತೀರ್ಪು ಬಂತು. ಹೀಗಿದ್ದಾಗ ದಿನಕ್ಕೆ ಮೂರು ಗಂಟೆ ಒಂದೇ ಕಡೆಯ ಮಾತು ಹಾಕಲು ಯಾವ ಸ್ಟೇಷನ್ ಮಾಲೀಕನಿಗೆ ಧೈರ್ಯ ಬಂದೀತು?

ರೇಗನ್ ಕಾಲದಲ್ಲಿ, 1987ರ ಆಗಸ್ಟಿನಲ್ಲಿ, ಆ ನಿಯಮ ಹೋಯಿತು. ಅದನ್ನು ಕಾನೂನಾಗಿ ಉಳಿಸಲು ಸಂಸತ್ತು ಮಸೂದೆ ಪಾಸು ಮಾಡಿತ್ತು, ರೇಗನ್ ವೀಟೋ ಹಾಕಿದರು. ಹೆಚ್ಚುಕಡಿಮೆ ಒಂದು ವರ್ಷಕ್ಕೆ, 1988ರ ಆಗಸ್ಟ್ 1ರಂದು, ರಶ್ ಲಿಂಬಾ ಎಂಬ ಕನ್ಸರ್ವೇಟಿವ್ ಮಾತುಗಾರರ ಕಾರ್ಯಕ್ರಮ ನ್ಯೂಯಾರ್ಕಿನಿಂದ ದೇಶಕ್ಕೆಲ್ಲ ಶುರುವಾಯಿತು.

‘ನಿಯಮ ಹೋಯ್ತು, ಲಿಂಬಾ ಬಂದ್ರು’ ಎಂದು ಎಲ್ಲರೂ ಇಲ್ಲಿಗೇ ಕಥೆ ಮುಗಿಸುತ್ತಾರೆ. ಅದು ಅರ್ಧ ಕಥೆ. ಇನ್ನರ್ಧ ಸುಮ್ನೆ ವ್ಯಾಪಾರ. ಹಾಡುಗಳೆಲ್ಲ ಎಫ್‌ಎಂಗೆ ಹೋಗಿಬಿಟ್ಟಿದ್ದವು, ಯಾಕೆಂದರೆ ಅಲ್ಲಿ ಸದ್ದು ಸ್ವಚ್ಛ. ಎಎಮ್ ಸ್ಟೇಷನ್ನುಗಳು ಹಾಕಲು ಏನೂ ಇಲ್ಲದೆ ನೊಣ ಹೊಡೆಯುತ್ತಿದ್ದವು. ಮಾತಿಗೆ ಅಷ್ಟು ಸ್ವಚ್ಛ ಸದ್ದು ಬೇಕಿಲ್ಲ. ಲಿಂಬಾ ಕಡೆಯವರು ಕಾರ್ಯಕ್ರಮವನ್ನು ಪುಕ್ಕಟೆ ಕೊಟ್ಟರು. ಬದಲಿಗೆ ಕೆಲವು ನಿಮಿಷದ ಜಾಹೀರಾತು ಜಾಗ ತಾವು ಮಾರಿಕೊಂಡರು, ಮಿಕ್ಕಿದ್ದು ಸ್ಟೇಷನ್ನಿಗೆ. ಖರ್ಚಿಲ್ಲದೆ ಮಧ್ಯಾಹ್ನದ ಮೂರು ಗಂಟೆಗಳ ಸಮಯ ತುಂಬಿಹೋಗುತ್ತದೆ. ಯಾರು ಬೇಡ ಅಂತಾರೆ? ಕೊನೆಗೆ ಸುಮಾರು 600 ಸ್ಟೇಷನ್ನುಗಳಲ್ಲಿ ಅವರ ದನಿ ಇತ್ತು.

ಮನುಷ್ಯನಿಗೆ ಮಾತಿನ ಕಸುಬು ಗೊತ್ತಿತ್ತು ಅನ್ನೋದನ್ನು ಅವರನ್ನು ಒಪ್ಪದವರೂ ಒಪ್ಪುತ್ತಾರೆ. ನಾನು ಒಮ್ಮೆ ಮಿಸ್ಸೌರಿಯ ಹೊಲಗಳ ನಡುವೆ ಕಾರಿನಲ್ಲಿ ಹೋಗುವಾಗ ಎರಡು ಗಂಟೆ ಬಿಡದೆ ಕೇಳಿದ್ದೆ. ಸಿಟ್ಟು ಬಂತು, ನಗುವೂ ಬಂತು, ಸ್ಟೇಷನ್ ಮಾತ್ರ ಬದಲಾಯಿಸಲಿಲ್ಲ. ಅಣಕು ಹಾಡು, ಅಡ್ಡಹೆಸರು, ಕಾಗದ ಪರಪರ ಅನ್ನಿಸುವುದು, ಮಧ್ಯೆ ಮೌನ, ಎಲ್ಲವೂ ಲೆಕ್ಕಾಚಾರದ್ದು. ಕರೆ ಮಾಡಿದವರು ‘ಡಿಟ್ಟೋ’ ಅಂತ ಶುರು ಮಾಡುತ್ತಿದ್ದರು. ಅಂದರೆ ಹಿಂದಿನವರು ನಿಮ್ಮನ್ನು ಹೊಗಳಿದ್ದೆಲ್ಲ ನನ್ನದೂ ಅಂತ ಬರೆದುಕೊಳ್ಳಿ, ವಿಷಯಕ್ಕೆ ಬರೋಣ. 1994ರಲ್ಲಿ ರಿಪಬ್ಲಿಕನ್ನರು ನಲವತ್ತು ವರ್ಷಗಳ ನಂತರ ಕೆಳಮನೆ ಗೆದ್ದಾಗ ಹೊಸ ಸದಸ್ಯರು ಲಿಂಬಾ ಅವರನ್ನು ಕರೆದು ಗೌರವ ಸದಸ್ಯ ಅಂದರು. 2020ರಲ್ಲಿ ಟ್ರಂಪ್ ಸಂಸತ್ ಭಾಷಣದ ನಡುವೆಯೇ ದೇಶದ ಅತಿ ದೊಡ್ಡ ನಾಗರಿಕ ಪದಕ ಘೋಷಿಸಿ, ಪತ್ನಿ ಮೆಲಾನಿಯಾ ಕೈಯಿಂದ ತೊಡಿಸಿದರು. ಮರು ವರ್ಷ ಫೆಬ್ರುವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ನಮ್ಮಲ್ಲಿ ಇಂಥ ರೇಡಿಯೋ ಯಾಕೆ ಹುಟ್ಟಲಿಲ್ಲ ಗೊತ್ತಾ? ಭಾರತದಲ್ಲಿ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಹಾಕುವಂತಿಲ್ಲ. ಬೇಕಾದರೆ ಆಕಾಶವಾಣಿಯ ಸುದ್ದಿಯನ್ನೇ ಮರುಪ್ರಸಾರ ಮಾಡಬೇಕು. ಹಾಗಾಗಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಹಾಡು, ತಮಾಷೆ. ರಾಜಕೀಯದ ಗದ್ದಲವೆಲ್ಲ ಟೀವಿಗೆ ಹೋಯಿತು.

ಟೀವಿ ಅಂದರೆ ಫಾಕ್ಸ್. 1996ರ ಅಕ್ಟೋಬರಿನಲ್ಲಿ ಪತ್ರಿಕೆಗಳ ಒಡೆಯ ರೂಪರ್ಟ್ ಮರ್ಡಾಕ್ ದುಡ್ಡು ಹಾಕಿದರು, ರೋಜರ್ ಐಲ್ಸ್ ನಡೆಸಿದರು. ಐಲ್ಸ್ 1968ರಲ್ಲಿ ನಿಕ್ಸನ್ ಅವರಿಗೆ ಟೀವಿಯಲ್ಲಿ ಹೇಗೆ ಕಾಣಬೇಕು ಎಂದು ಹೇಳಿಕೊಟ್ಟವರು. ಫೇರ್‌ನೆಸ್ ನಿಯಮ ಇದ್ದಿದ್ದರೆ ಫಾಕ್ಸ್ ಹುಟ್ಟುತ್ತಲೇ ಇರಲಿಲ್ಲ ಅನ್ನುವವರು ಸಿಗುತ್ತಾರೆ. ಅದು ತಪ್ಪು. ಆ ನಿಯಮ ತರಂಗಾಂತರದ ಲೈಸೆನ್ಸ್ ಪಡೆದವರಿಗೆ ಮಾತ್ರ ಇತ್ತು. ಕೇಬಲ್ ಚಾನೆಲ್ಲಿಗೆ ಇರಲಿಲ್ಲ.

ಫಾಕ್ಸ್ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿ ಗಡಿಯಾರ. ವಾಷಿಂಗ್ಟನ್ ಸಮಯ ಸಂಜೆ 6ಕ್ಕೆ ಬ್ರೆಟ್ ಬೇಯರ್ ಬರುತ್ತಾರೆ, ಅದು ಸುದ್ದಿ. ರಾತ್ರಿ 9ಕ್ಕೆ ಶಾನ್ ಹ್ಯಾನಿಟಿ ಬರುತ್ತಾರೆ, ಅದು ಅಭಿಪ್ರಾಯ. ಮನೆಯಲ್ಲಿ ಕೂತು ನೋಡುವ ಅಮೆರಿಕದವನಿಗೆ ಈ ವ್ಯತ್ಯಾಸ ಸ್ವಲ್ಪವಾದರೂ ಗೊತ್ತು. ಅದೇ ಎರಡು ನಿಮಿಷದ ತುಣುಕಾಗಿ ನಿಮ್ಮ ವಾಟ್ಸಾಪಿಗೆ ಬಂದಾಗ ಗಡಿಯಾರ ಕಳೆದುಹೋಗಿರುತ್ತದೆ. ‘ಫಾಕ್ಸ್ ನ್ಯೂಸ್ ವರದಿ ಮಾಡಿದೆ’ ಅಂತ ತಲೆಬರಹ ಅಂಟಿರುತ್ತದೆ. ಆಗ ಫಾಕ್ಸಿನ ನಿರೂಪಕರಾಗಿದ್ದ ಟಕರ್ ಕಾರ್ಲ್‌ಸನ್ ಆಡಿದ ಮಾತಿಗೆ ಚಾನೆಲ್ ಮೇಲೆ ಮಾನನಷ್ಟದ ಕೇಸು ಬಿದ್ದಾಗ ಫಾಕ್ಸಿನ ವಕೀಲರು ಏನು ವಾದಿಸಿದರು ಗೊತ್ತಾ? ಆ ಕಾರ್ಯಕ್ರಮದ ಮಾತನ್ನು ವಿವೇಕವಿರುವ ನೋಡುಗ ಅಕ್ಷರಶಃ ಸತ್ಯ ಅಂತ ತಗೊಳ್ಳುವುದಿಲ್ಲ ಎಂದು. 2020ರಲ್ಲಿ ನ್ಯಾಯಾಧೀಶರು ಆ ವಾದ ಒಪ್ಪಿ ಕೇಸು ವಜಾ ಮಾಡಿದರು. ಚಾನೆಲ್ಲಿನವರೇ ಕೋರ್ಟಿನಲ್ಲಿ ಹೇಳಿದ ಮಾತಿದು, ಅವರ ವೈರಿಗಳು ಹೇಳಿದ್ದಲ್ಲ.

ಆದರೆ ಇದೇ ರಕ್ಷಣೆ ಎಲ್ಲ ಕಾಲಕ್ಕೂ ಸಿಗಲಿಲ್ಲ. 2020ರ ಚುನಾವಣೆಯಲ್ಲಿ ಡೊಮಿನಿಯನ್ ಕಂಪನಿಯ ಮತಯಂತ್ರಗಳು ಓಟು ತಿರುಗಿಸಿದವು ಎಂಬ ಸುಳ್ಳು ಫಾಕ್ಸಿನಲ್ಲಿ ಪದೇಪದೇ ಬಂತು. ಕಂಪನಿ ಕೇಸು ಹಾಕಿತು. ಆಗ ಹೊರಬಿದ್ದ ಒಳಗಿನ ಸಂದೇಶಗಳಲ್ಲಿ, ತೆರೆಯ ಮೇಲೆ ತಲೆಯಾಡಿಸಿದ್ದ ನಿರೂಪಕರೇ ತಮ್ಮತಮ್ಮಲ್ಲಿ ‘ಇದು ನಂಬುವಂಥದ್ದಲ್ಲ’ ಎಂದು ಬರೆದುಕೊಂಡಿದ್ದರು. ಮತ್ತೆ ಯಾಕೆ ತಲೆಯಾಡಿಸಿದರು? ಅರಿಜೋನಾದಲ್ಲಿ ಬೈಡನ್ ಗೆದ್ದರು ಎಂದು ಫಾಕ್ಸ್ ಎಲ್ಲರಿಗಿಂತ ಮೊದಲು ಹೇಳಿತ್ತು. ಸರಿಯಾಗಿಯೇ ಹೇಳಿತ್ತು. ನೋಡುಗರು ಸಿಟ್ಟಾಗಿ ನ್ಯೂಸ್‌ಮ್ಯಾಕ್ಸ್ ಎಂಬ ಇನ್ನೊಂದು ಕನ್ಸರ್ವೇಟಿವ್ ಚಾನೆಲ್ ಕಡೆ ಹೊರಟರು. ಆ ಭಯ. ಮೇಷ್ಟ್ರು ಹುಡುಗರಿಗೆ ಹೆದರಿ ಮಾರ್ಕ್ಸ್ ಹಾಕಿದ ಹಾಗೆ ಅನ್ನಿ. 2023ರ ಏಪ್ರಿಲಿನಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮೇಷ್ಟ್ರು ಹುಡುಗರಿಗೆ ಹೆದರಿ ಮಾರ್ಕ್ಸ್ ಹಾಕಿದ ಹಾಗೆ ಅನ್ನಿ. ಒಂದು ವಾರ ಕಳೆಯುವಷ್ಟರಲ್ಲಿ ಕಾರ್ಲ್‌ಸನ್ ಹೊರಗೆ ಹೋದರು. ಈಗ ಅವರದು ಸ್ವಂತ ಕಾರ್ಯಕ್ರಮ. ಇನ್ನೊಬ್ಬ ಕನ್ಸರ್ವೇಟಿವ್ ಮಾತುಗಾರ ಬೆನ್ ಶಪೀರೊ ಅವರ ಇಂಟರ್ನೆಟ್ ಸಂಸ್ಥೆ ‘ಡೈಲಿ ವೈರ್’ 2015ರಿಂದಲೇ ಹಾಗೆ ನಡೆಯುತ್ತಿದೆ. ಹಣದ ಒಂದು ಪಾಲು ನೇರವಾಗಿ ಕೇಳುಗರಿಂದಲೇ ಬರುತ್ತದೆ. ಬಕ್ಲಿ ಥರ ಬಾಗಿಲು ಕಾಯುವವರು ಇಲ್ಲವೇ ಇಲ್ಲ. ಕೆಲವರು ಸ್ಟುಡಿಯೋದಿಂದ ಸೀದಾ ಸರ್ಕಾರಕ್ಕೂ ಹೋದರು. ಫಾಕ್ಸಿನ ವಾರಾಂತ್ಯದ ನಿರೂಪಕ ಪೀಟ್ ಹೆಗ್ಸೆತ್ 2025ರ ಜನವರಿಯಲ್ಲಿ ರಕ್ಷಣಾ ಮಂತ್ರಿಯಾದರು.

ಈಗ ನಿಮ್ಮ ಮನೆಗೇ ತಟ್ಟುವ ಜಗಳಕ್ಕೆ ಬರೋಣ.

2024ರ ಡಿಸೆಂಬರ್. ಟ್ರಂಪ್ ಎರಡನೇ ಸಲ ಗೆದ್ದಿದ್ದರು, ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಚೆನ್ನೈನಲ್ಲಿ ಹುಟ್ಟಿದ ಶ್ರೀರಾಮ್ ಕೃಷ್ಣನ್ ಅವರನ್ನು ಎಐ ಸಲಹೆಗಾರರಾಗಿ ಆರಿಸಿದರು. ಗ್ರೀನ್ ಕಾರ್ಡಿಗೆ ಇರುವ ದೇಶವಾರು ಮಿತಿ ತೆಗೆಯಬೇಕು ಎಂದು ಕೃಷ್ಣನ್ ಹಿಂದೆ ಬರೆದಿದ್ದರು. ಒಂದು ದೇಶಕ್ಕೆ ಶೇ 7ಕ್ಕಿಂತ ಜಾಸ್ತಿ ಇಲ್ಲ ಅನ್ನುವ ಆ ಮಿತಿಯಿಂದಲೇ ನಮ್ಮವರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುವುದು, ಅದು ನಿಮ್ಮ ಅಳಿಯಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಟ್ರಂಪ್ ಬೆಂಬಲಿಗರಾದ ಲಾರಾ ಲೂಮರ್ ಇದನ್ನು ಎತ್ತಿಕೊಂಡು ಬೈದರು. ಇಲಾನ್ ಮಸ್ಕ್ ಎಚ್‌1ಬಿ ಪರ ನಿಂತರು. ಟ್ರಂಪ್ ಅವರ ಹಳೆಯ ಸಲಹೆಗಾರ ಸ್ಟೀವ್ ಬ್ಯಾನನ್ ಮಸ್ಕ್ ವಿರುದ್ಧ ನಿಂತರು. ಆಗ ಭಾರತೀಯ ಮೂಲದ ಉದ್ಯಮಿ, ರಿಪಬ್ಲಿಕನ್ ನಾಯಕ ವಿವೇಕ್ ರಾಮಸ್ವಾಮಿ ಒಂದು ಉದ್ದ ಪೋಸ್ಟ್ ಹಾಕಿದರು. ಗಣಿತದ ಒಲಿಂಪಿಯಾಡ್ ಗೆದ್ದವನಿಗಿಂತ ಡಾನ್ಸ್ ಪಾರ್ಟಿಯ ರಾಣಿಯನ್ನು ಮೆರೆಸುವ ಸಂಸ್ಕೃತಿಯಿಂದ ಒಳ್ಳೆಯ ಎಂಜಿನಿಯರುಗಳು ಬರುವುದಿಲ್ಲ ಎಂಬುದು ಅದರ ಸಾರ. ಜಯನಗರದ ಅಪ್ಪ-ಅಮ್ಮಂದಿರು ಇದನ್ನು ಓದಿ ‘ಸರಿಯಾಗಿ ಹೇಳಿದ’ ಅಂದಿರಬಹುದು. ಒಹಾಯೊದ ಕಾರ್ಖಾನೆ ಊರಿನವನಿಗೆ ಕೇಳಿಸಿದ್ದು ಬೇರೆ: ನಮ್ಮ ಮಕ್ಕಳು ಸೋಮಾರಿಗಳು ಅಂತಾನೆ ಇವನು! ಅದೇ ತಿಂಗಳ 28ಕ್ಕೆ ಟ್ರಂಪ್ ಎಚ್‌1ಬಿ ಒಳ್ಳೆಯ ಯೋಜನೆ ಅಂದರು. ಒಂಬತ್ತು ತಿಂಗಳಾಗುವಷ್ಟರಲ್ಲಿ, 2025ರ ಸೆಪ್ಟೆಂಬರ್ 19ರಂದು, ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಆದೇಶಕ್ಕೆ ಸಹಿ ಹಾಕಿದರು.

ಇಲ್ಲಿ ಮೋಸ ಮಾಡಿದವರು ಯಾರು? ಯಾರೂ ಅಲ್ಲ ಅನ್ನೋದು ನನ್ನ ಲೆಕ್ಕ. ಮಸ್ಕ್ ಮಾತನಾಡಿದ್ದು ನಾನು ಮೊದಲು ಹೇಳಿದ ವ್ಯಾಪಾರಿಯ ಭಾಷೆ. ಒಳ್ಳೆಯ ಕೆಲಸಗಾರ ಎಲ್ಲಿಂದ ಬಂದರೇನು? ಬ್ಯಾನನ್ ಮಾತನಾಡಿದ್ದು ಬ್ಯುಕ್ಯಾನನ್ ಭಾಷೆ. ಎರಡೂ ಆ ಮನೆಯಲ್ಲಿ ಹಳೆಯ ಭಾಷೆಗಳೇ. ಎಚ್‌1ಬಿಯನ್ನು 1990ರಲ್ಲಿ ಕಾನೂನು ಮಾಡಿದ್ದೂ ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್ ಅವರ ಸಹಿಯೇ, ಅವರ ಮೇಲೆ ಎರಡೇ ವರ್ಷಕ್ಕೆ ತಿರುಗಿಬಿದ್ದದ್ದು ಬ್ಯುಕ್ಯಾನನ್ನೇ. ಆಮದು ಸುಂಕದ ವಿಷಯದಲ್ಲೂ ಇದೇ ಬಿರುಕು. ವಾಲ್ ಸ್ಟ್ರೀಟ್ ಜರ್ನಲ್ಲಿನ ಸಂಪಾದಕೀಯ ಪುಟ ಟ್ರಂಪ್ ಅವರ ತೆರಿಗೆ ಕಡಿತವನ್ನು ಹೊಗಳುತ್ತದೆ, ಸುಂಕವನ್ನು ಮುಲಾಜಿಲ್ಲದೆ ಬೈಯುತ್ತದೆ. ಇರಾನ್ ವಿಷಯವೂ ಅಷ್ಟೆ. 2025ರ ಜೂನ್ 22ರಂದು ಫೋರ್ಡೋ, ನತಾಂಜ್, ಇಸ್ಫಹಾನ್ ಅಣು ಕೇಂದ್ರಗಳ ಮೇಲೆ ಅಮೆರಿಕದ ದಾಳಿಯಾದಾಗ ರೇಡಿಯೋ ಮಾತುಗಾರ ಮಾರ್ಕ್ ಲೆವಿನ್ ಮೆಚ್ಚಿದರು. ಅಂಥ ಯುದ್ಧ ಬೇಡವೇ ಬೇಡ ಎಂದು ಕಾರ್ಲ್‌ಸನ್ ಅದಕ್ಕೆ ಮುಂಚಿನಿಂದಲೇ ಕೂಗುತ್ತಿದ್ದರು. ಲೆವಿನ್ ರೇಗನ್ ಕಾಲದ ಅಂಟಿನಲ್ಲಿ ಇನ್ನೂ ನಿಂತವರು. ಕಾರ್ಲ್‌ಸನ್ ನಿಂತಿರುವುದು ಅದರಾಚೆ.

ಹಾಗಾಗಿ ‘ನಿಜವಾದ ಕನ್ಸರ್ವೇಟಿವ್ ಯಾರು’ ಅನ್ನುವುದರ ಬದಲು ‘ಈ ಮನುಷ್ಯ ಯಾವುದನ್ನು ಕಾಪಾಡಬೇಕು ಅಂತಿದ್ದಾನೆ’ ಅಂತ ಕೇಳಿಕೊಳ್ಳಿ. ಮಾರುಕಟ್ಟೆಯನ್ನೋ, ಚರ್ಚನ್ನೋ, ಗಡಿಯನ್ನೋ? ಒಂದೇ ಕಾರ್ಯಕ್ರಮ ನಾಲ್ಕು ದಿನ ಕೇಳಿದರೆ ಗೊತ್ತಾಗಿಬಿಡುತ್ತದೆ.

ನಂಬಿಕೆಯ ವಿಷಯಕ್ಕೆ ಬಂದರೆ, ನಾನು ಮೊದಲು ನೋಡುವುದು ಅವರು ತಮ್ಮವರನ್ನೇ ಯಾವಾಗಲಾದರೂ ಬೈದಿದ್ದಾರಾ ಅಂತ. 1974ರಿಂದ ವಾಷಿಂಗ್ಟನ್ ಪೋಸ್ಟಿನಲ್ಲಿ ಅಂಕಣ ಬರೆಯುತ್ತಿರುವ ಜಾರ್ಜ್ ವಿಲ್ 2016ರಲ್ಲಿ ರಿಪಬ್ಲಿಕನ್ ಪಕ್ಷವನ್ನೇ ಬಿಟ್ಟರು, ಕನ್ಸರ್ವೇಟಿವ್ ಆಗಿಯೇ ಉಳಿದರು. ನ್ಯಾಷನಲ್ ರಿವ್ಯೂನ ಸಂಪಾದಕರಲ್ಲಿ ಒಬ್ಬರಾದ ರಮೇಶ್ ಪೊನ್ನೂರು ತಂದೆಯ ಕಡೆಯಿಂದ ಭಾರತದವರು, ನಿಧಾನವಾಗಿ ವಾದ ಮಾಡುತ್ತಾರೆ. ಎರಡನೆಯದಾಗಿ ನೋಡುವುದು ಜಾಹೀರಾತು. ನಮ್ಮ ಟೀವಿ ಚರ್ಚೆಗಳ ನಡುವೆ ‘ಚಿನ್ನ ಅಡವಿಟ್ಟು ಸಾಲ ತಗೊಳ್ಳಿ’ ಅಂತ ಬರುತ್ತದೆ. ಅಲ್ಲಿ ‘ಡಾಲರ್ ಬಿದ್ದುಹೋಗುತ್ತೆ, ಚಿನ್ನ ಕೊಂಡಿಡಿ’ ಅಂತ ಬರುತ್ತದೆ. ದೇಶ ನಾಳೆಯೇ ಮುಳುಗುತ್ತದೆ ಎಂದು ಕೇಳುಗ ಹೆದರಿದ್ದರೆ ಆ ಚಿನ್ನ ಚೆನ್ನಾಗಿ ಮಾರಾಟವಾಗುತ್ತದೆ. ಎಡಪಂಥದ ಚಾನೆಲ್ಲುಗಳಲ್ಲಿ ಇಂಥದ್ದು ಇಲ್ಲವೇ ಅಂದರೆ, ಭಯ ಮಾರುವುದು ಅಲ್ಲೂ ಇದೆ. ಅದು ಬೇರೆ ದಿನದ ಮಾತು.

ಅಳಿಯಂದಿರ ವೀಸಾ ಬಗ್ಗೆ ಮಾತ್ರ ಈ ಯಾರ ಮಾತನ್ನೂ ಕೇಳಬೇಡಿ. ಸೆಪ್ಟೆಂಬರ್ 19ರಂದು ಟ್ರಂಪ್ ಪಕ್ಕದಲ್ಲೇ ನಿಂತ ವಾಣಿಜ್ಯ ಮಂತ್ರಿ ಲುಟ್ನಿಕ್ ಈ ಶುಲ್ಕ ವರ್ಷವರ್ಷವೂ ಕಟ್ಟಬೇಕು ಅನ್ನುವ ಅರ್ಥದಲ್ಲಿ ಮಾತನಾಡಿದರು. ಕಂಪನಿಗಳು ಹೊರದೇಶದಲ್ಲಿದ್ದ ನೌಕರರಿಗೆ ಕೂಡಲೇ ವಾಪಸ್ ಬನ್ನಿ ಎಂದು ರಾತ್ರೋರಾತ್ರಿ ಸಂದೇಶ ಕಳಿಸಿದವು. ಮರುದಿನ ಶ್ವೇತಭವನದ ವಕ್ತಾರರು ಸ್ಪಷ್ಟ ಮಾಡಿದರು: ವರ್ಷವರ್ಷವಲ್ಲ, ಒಂದೇ ಸಲ, ಅದೂ ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ. ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಸಂಭ್ರಮದ್ದೂ ಗೋಳಿನದ್ದೂ ನೂರಾರು ವಿಡಿಯೋ ಬಂದಾಗಿತ್ತು. ಆದೇಶದ ಪೂರ್ತಿ ಪಠ್ಯ ಶ್ವೇತಭವನದ ವೆಬ್‌ಸೈಟಿನಲ್ಲೇ ಇರುತ್ತದೆ, ಪುಕ್ಕಟೆ. ಕೆಲವೇ ಪುಟ. ನೀವು ಓದಿ, ಅಳಿಯಂದಿರು ಅವರ ಕಂಪನಿಯ ವಲಸೆ ವಕೀಲರನ್ನು ಒಂದು ಮಾತು ಕೇಳಲಿ.